ಅಳು ಬರಲಿಲ್ಲ ಅಂದೆಯಲ್ಲ, ಶಿವು

ಡೊಂಬಿವಲಿ
3-5-2025

ಶಿವುಗೆ ದೊಡ್ಡವ್ವನ ಆಶೀರ್ವಾದಗಳು.

ನೀನು ಮೊಬೈಲಿಗೆ ಕಳಿಸಿದ ಉದ್ದನೆಯ ಪತ್ರ ಓದಿದೆ. ಪಹಲ್ಗಾಮಿನಲ್ಲಿ ಸತ್ತವರ ಮೇಲೆ ಬರೆದ ಪದ್ಯವನ್ನೂ ಓದಿದೆ. ಪದ್ಯ ಹೇಗಿದೆ ಹೇಳು ಅಂತ ಕೇಳಿದ್ದೀಯ, ಹೇಳುತ್ತೇನೆ. ಆದರೆ ಕಾಲೇಜಿನ ಶ್ರದ್ಧಾಂಜಲಿ ಸಭೆ, ಹಾಲ್ ಸಿಕ್ಕಿದ್ದು, ಮೈಕಿನವನು ಕೈಕೊಟ್ಟಿದ್ದು ಎಲ್ಲ ಬರೆಯುತ್ತಾ ನಡುವೆ ಒಂದು ಮಾತು ಬರೆದುಬಿಟ್ಟಿದ್ದೀಯ. "ಹಾಸ್ಟೆಲಿನಲ್ಲಿ ಟಿವಿ ಮುಂದೆ ಎಲ್ಲರೂ ಅತ್ತರು, ನನಗೆ ಅಳು ಬರಲಿಲ್ಲ. ನಾನು ಪದ್ಯದ ಮಾತ್ರೆ ಎಣಿಸುತ್ತಿದ್ದೆ. ದೀಪ ಹಚ್ಚಿ ಕೂತೆ, ಆಗಲೂ ಏನೂ ಆಗಲಿಲ್ಲ. ದೊಡ್ಡವ್ವ, ನಾನು ಕಲ್ಲಾ?" ಅದರ ಮುಂದಿನ ಸಾಲಿಗೇ ಮೆಸ್ಸಿನ ಊಟದ ವಿಷಯ. ನೀನು ದಾಟಿ ಹೋದೆ. ನನಗೆ ದಾಟಲು ಆಗಲಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ.

ಏಪ್ರಿಲ್ 22ರಂದು ಪ್ರವಾಸಿಗರನ್ನು ಗುಂಡಿಕ್ಕಿ ಕೊಂದ ಸುದ್ದಿ ಬಂದಾಗ ಇಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗೂ ಬೈಸರನ್ ಅನ್ನುವ ಹೆಸರೇ ಗೊತ್ತಿರಲಿಲ್ಲ. ಕಾಶ್ಮೀರದ ಪಹಲ್ಗಾಮ್ ಗೊತ್ತಿತ್ತು. ಅಲ್ಲಿಂದ ಮೇಲೆ, ಗಾಡಿ ಹೋಗದ ಹುಲ್ಲುಗಾವಲು, ನಡೆದೋ ಕುದುರೆ ಹತ್ತಿಯೋ ಹೋಗಬೇಕು ಅಂತ ಟಿವಿ ನೋಡಿ ತಿಳಿಯಿತು. ಆಮೇಲೆ ಗೊತ್ತಾಯಿತು, ಸತ್ತವರಲ್ಲಿ ನಮ್ಮ ಡೊಂಬಿವಲಿಯವರೇ ಮೂವರು. ಮರುದಿನ ಅವರನ್ನು ಭಾಗಶಾಲಾ ಮೈದಾನಕ್ಕೆ ತಂದರು. ನಾನೂ ಹೋಗಿದ್ದೆ. ಜನವೋ ಜನ. ಕೆಲವರು ಘೋಷಣೆ ಕೂಗುತ್ತಿದ್ದರು, ಕೆಲವರು ಸುಮ್ಮನೆ ಕೈ ಮುಗಿದು ನಿಂತಿದ್ದರು. ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಪರಿಚಯದವರಾ ಅಂತ ಕೇಳಿದೆ. ಅಲ್ಲ ಅಂತ ತಲೆ ಆಡಿಸಿದಳು. ನನ್ನ ಕಣ್ಣು ಒಣಗಿಯೇ ಇತ್ತು. ವಯಸ್ಸಾಯಿತು, ಅದಕ್ಕಿರಬೇಕು ಅಂದುಕೊಂಡು ಮನೆಗೆ ಬಂದೆ. ನಿನಗೆ ವಯಸ್ಸಾಗಿಲ್ಲವಲ್ಲ! ಅದಕ್ಕೇ ನಿನ್ನ ಮಾತು ನನ್ನನ್ನು ಬಿಡುತ್ತಿಲ್ಲ.

ಆಯಿಯನ್ನು ನೀನು ನೋಡಿಲ್ಲ. ಅವಳ ಹೋಳಿಗೆ, ಅವಳ ಸಿಟ್ಟು, ಅವಳ ಬೈಗುಳ ಎಲ್ಲ ನಿನ್ನ ಅವ್ವ ಹೇಳಿರುತ್ತಾಳೆ. ಒಂದು ಮಾತ್ರ ಹೇಳಿರಲಿಕ್ಕಿಲ್ಲ. ನಮ್ಮೂರಿನಲ್ಲಿ ಯಾರೇ ಸತ್ತರೂ ಆಯಿಯನ್ನು ಕರೆಯುತ್ತಿದ್ದರು, ಹಾಡಿಕೊಂಡು ಅಳಲಿಕ್ಕೆ. ಆಗಿನ ಕಾಲದಲ್ಲಿ ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುತ್ತಿರಲಿಲ್ಲ, ಹಾಡಿ ಹಾಡಿ ಅಳುತ್ತಿದ್ದರು. ಆಯಿ ಹೋಗುತ್ತಿದ್ದಂತೆ ಮೊದಲು ಒಳಗೆ ಅಡಿಗೆಮನೆಗೆ ಹೋಗುತ್ತಿದ್ದಳು. ಆ ಮನೆಯ ಹೆಣ್ಣುಮಕ್ಕಳನ್ನು ಮೆಲ್ಲಗೆ ಕೇಳುತ್ತಿದ್ದಳು. ಕಡೆಗೆ ಏನು ಉಂಡ? ಯಾವ ಎತ್ತನ್ನು ಜಾಸ್ತಿ ಪ್ರೀತಿ ಮಾಡುತ್ತಿದ್ದ? ಯಾವ ಮಗಳ ಮನೆಗೆ ಹೋಗಬೇಕು ಅನ್ನುತ್ತಿದ್ದ? ಆಮೇಲೆ ಹೊರಗೆ ಬಂದು ಹೆಣದ ಹತ್ತಿರ ಕೂತು ಶುರು ಮಾಡಿದರೆ ಆ ಎತ್ತು, ಆ ಊಟ, ಆ ಮಗಳ ಊರು ಎಲ್ಲ ಹಾಡಿನೊಳಗೆ ಬರುತ್ತಿತ್ತು. ಇಡೀ ಓಣಿ ಅಳುತ್ತಿತ್ತು.

ಆಯಿ ಅಳುತ್ತಿರಲಿಲ್ಲ, ಶಿವು. ನಾನು ಅವಳ ತೊಡೆಗೆ ಆತು ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಒಣ ಒಣ. ಒಂದು ಕೈ ನೆಲಕ್ಕೆ ಬಡಿಯುತ್ತಾ ಇರುತ್ತಿತ್ತು, ತಾಳ ತಪ್ಪದ ಹಾಗೆ. ಎಲ್ಲರೂ ಅತ್ತು ಸಾಕಾಗಿ ಕೂತಾಗ ಅವಳು ಎದ್ದು, ಮಣ್ಣಿಗೆ ಎಷ್ಟು ಹೊತ್ತಿಗೆ ಹೋಗುವುದು, ಮಕ್ಕಳಿಗೆ ಏನಾದರೂ ತಿನ್ನಿಸಿದಿರಾ ಅಂತ ಕೇಳುತ್ತಿದ್ದಳು. ಅವಳನ್ನು ಆ ಊರಲ್ಲಿ ಯಾರೂ ಕಲ್ಲು ಅಂದದ್ದು ನಾನು ಕೇಳಿಲ್ಲ. ನಾನೇ ಒಮ್ಮೆ ಕೇಳಬೇಕಿತ್ತು, ಆಯಿ ನಿನಗೆ ಅಳು ಬರುವುದಿಲ್ವಾ ಅಂತ. ಕೇಳಲಿಲ್ಲ. ಕೇಳಿದ್ದರೆ ಈಗ ನಿನಗೆ ಹೇಳಲಿಕ್ಕೆ ನನ್ನ ಹತ್ತಿರ ಅವಳ ಉತ್ತರ ಇರುತ್ತಿತ್ತು.

ಮಾತ್ರೆ ಎಣಿಸಿದೆ ಅಂದೆಯಲ್ಲ. ಭಾಮಿನಿ ಷಟ್ಪದಿ ತಾನೆ? ಮೂರು ನಾಲ್ಕು, ಮೂರು ನಾಲ್ಕು. ಎಣಿಸದೆ ಭಾಮಿನಿ ಹೇಗೆ ಬರೆಯುತ್ತೀಯ? ತಾಳಮಾನ ಅರಿಯೆ, ಒಲಿದಂತೆ ಹಾಡುವೆ ಅಂತ ಬಸವಣ್ಣನವರು ಹೇಳಿಲ್ವಾ ಅಂತ ನೀನು ವಾದಕ್ಕೆ ಬರುತ್ತೀಯ, ಗೊತ್ತು. ಲೆಕ್ಕ ಅರಿಯೆ ಅಂತ ಹೇಳುವ ಆ ವಚನ ಎಂಥ ಲಯದಲ್ಲಿದೆ ಅಂತ ಒಮ್ಮೆ ಜೋರಾಗಿ ಓದಿ ನೋಡು, ಆಮೇಲೆ ವಾದ ಮಾಡು.

ನಮ್ಮೂರು ಮುದಗಲ್ಲಿಗೆ ಹತ್ತಿರ, ಮೊಹರಂ ಅಂದರೆ ಊರಿಗೆ ಊರೇ ಹಬ್ಬ. ಹಬ್ಬ ಅಂದರೂ ಅದು ಸಾವಿನ ನೆನಪು. ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನು ಕೊಂದದ್ದು 680ರಲ್ಲಿ, ಇರಾಕಿನಲ್ಲಿ. ಆ ಸಾವಿನ ಕತೆಯ ಹಾಡು, ರಿವಾಯತ ಪದ, ಹಾಡುತ್ತಿದ್ದವರು ನಮ್ಮ ಓಣಿಯ ಕುರುಬರು, ಲಿಂಗಾಯತರು, ಮುಸಲ್ಮಾನರು, ಎಲ್ಲರೂ ಕೂಡಿ. ಹಾಡು ಕನ್ನಡದ್ದು. ಇರಾಕ್ ಎಲ್ಲಿದೆ ಅಂತ ಅವರಲ್ಲಿ ಯಾರಿಗೂ ಗೊತ್ತಿದ್ದಿರಲಿಕ್ಕಿಲ್ಲ. ಹಬ್ಬಕ್ಕೆ ಮೊದಲು ರಾತ್ರಿ ರಾತ್ರಿ ತಾಲೀಮು ನಡೆಯುತ್ತಿತ್ತು. ಧಾಟಿ ತಪ್ಪಿದರೆ ಒಬ್ಬರಿಗೊಬ್ಬರು ಬೈಯುತ್ತಿದ್ದರು, ನಗುತ್ತಿದ್ದರು, ಚಹಾ ಕುಡಿದು ಮತ್ತೆ ಅದೇ ನುಡಿಯನ್ನು ಹಾಡುತ್ತಿದ್ದರು. ಬಾಯಾರಿದ ಕೂಸಿಗೆ ಹನಿ ನೀರು ಸಿಗಲಿಲ್ಲ ಅನ್ನುವ ನುಡಿಯನ್ನು ನಕ್ಕುಕೊಂಡೇ ಹತ್ತು ಸಲ ತಿದ್ದುತ್ತಿದ್ದರು. ಹಬ್ಬದ ಕತಲ್ ರಾತ್ರಿ ಅಲಾಯಿ ಕುಣಿಯ, ಅಂದರೆ ಬೆಂಕಿ ಕುಣಿಯ, ಸುತ್ತ ಅದನ್ನೇ ಹಾಡಿದಾಗ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಹಾಡುವವರ ಗಮನ ಮಾತ್ರ ಹೆಜ್ಜೆಯ ಮೇಲೆ, ಹಲಗೆಯ ಪೆಟ್ಟಿನ ಮೇಲೆ. ಈ ತಾಲೀಮಿನವರಿಗೆ ದುಃಖ ಇರಲಿಲ್ಲ ಅಂತ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಇತ್ತು ಅಂತಲೂ ಹೇಗೆ ಹೇಳಲಿ?

ನಿನ್ನ ಮಾತಿಗೇ ಬರುತ್ತೇನೆ. ದೀಪ ಹಚ್ಚಿ ಕೂತೆ, ಏನೂ ಆಗಲಿಲ್ಲ ಅಂದೆ.

2008ರ ನವೆಂಬರ್ 26ರ ರಾತ್ರಿ, ಮುಂಬೈ ಮೇಲೆ ಭಯೋತ್ಪಾದಕರ ದಾಳಿ ಆದಾಗ, ನಿಮ್ಮ ದೊಡ್ಡಪ್ಪ ಮನೆ ಮುಟ್ಟಿದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ, ಬಿಡು. ಅದರ ಆಮೇಲಿನದು ಹೇಳುತ್ತೇನೆ. ಅವರು ಮಲಗಿದ ಮೇಲೆ ನಾನು ವಿಭೂತಿ ಹಚ್ಚಿಕೊಂಡು ಲಿಂಗ ಹಿಡಿದು ಕೂತೆ. ತಂದೇ, ನಮ್ಮವರನ್ನು ಉಳಿಸಿದೆ ಅಂತ ಶುರು ಮಾಡಿದೆ. ಮಾತು ಅಲ್ಲಿಗೇ ನಿಂತುಬಿಟ್ಟಿತು. ಅದೇ ಸಿ.ಎಸ್‌.ಟಿ.ಯಲ್ಲಿ, ಅದೇ ಹೊತ್ತಿನಲ್ಲಿ, ಊರಿಗೆ ಹೋಗುವ ರೈಲಿಗೆ ಕಾಯುತ್ತಾ ಗಂಟುಮೂಟೆಯ ಮೇಲೆ ಕೂತವರು ಸತ್ತಿದ್ದರು. ಅವರ ಮನೆಯಲ್ಲೂ ಯಾರೋ ಕೈ ಮುಗಿದಿರುತ್ತಾರೆ, ಅಲ್ವಾ? ಹಾಗಾದರೆ ನಾನು ಯಾವುದಕ್ಕೆ ಶರಣು ಹೇಳುತ್ತಿದ್ದೇನೆ? ಅದಾದ ಮೇಲೆ ಎಷ್ಟೋ ದಿನ ಪ್ರಾರ್ಥನೆ ಬರಲೇ ಇಲ್ಲ. ಲಿಂಗ ಹಿಡಿದು ಸುಮ್ನೆ ಕೂತಿರುತ್ತಿದ್ದೆ, ಹೊತ್ತಾದ ಮೇಲೆ ಎದ್ದು ಡಬ್ಬಿ ಕಟ್ಟುತ್ತಿದ್ದೆ. ನಿಮ್ಮ ದೊಡ್ಡಪ್ಪನಿಗೂ ಇದನ್ನು ಹೇಳಿರಲಿಲ್ಲ.

ಆ ಸಲ ಒಟ್ಟು 166 ಜನ ಸತ್ತರು. ಸ್ಟೇಷನ್ನಿನಲ್ಲೇ ಐವತ್ತಕ್ಕೂ ಹೆಚ್ಚು. ಆಮೇಲೆ ಮೇಣದಬತ್ತಿ ಹಿಡಿದು ಎಲ್ಲರೂ ಹೋದದ್ದು ಗೇಟ್‌ವೇ ಆಫ್ ಇಂಡಿಯಾಕ್ಕೆ, ತಾಜ್ ಹೋಟೆಲ್ ಎದುರಿಗೆ. ನಾನೂ ಆಫೀಸಿನವರ ಜೊತೆ ಅಲ್ಲಿಗೇ ಹೋದೆ. ದಿನಾ ಇಳಿದು ಹತ್ತುತ್ತಿದ್ದದ್ದು ಮಾತ್ರ ಸಿ.ಎಸ್‌.ಟಿ.ಯಲ್ಲಿ. ಅಲ್ಲಿ ಒಂದು ದಿನವೂ ನಿಂತು ಕೈ ಮುಗಿಯಲಿಲ್ಲ. ನಿಂತರೆ ಹಿಂದಿನವರು ತಳ್ಳುತ್ತಾರೆ, ಟ್ರೈನು ತಪ್ಪುತ್ತದೆ. ಮುಂಬೈ ಯಾವತ್ತೂ ನಿಲ್ಲುವುದಿಲ್ಲ ಅಂತ ಪೇಪರಿನವರು ನಮ್ಮನ್ನು ಹೊಗಳಿದರು. ರಜೆ ಇರಲಿಲ್ಲ, ಅಷ್ಟೇ. ಆ ದಿನಗಳಲ್ಲಿ ಆಯಿ ಕಲಿಸಿದ ಎರಡು ನುಡಿಯನ್ನಾದರೂ ಬಾಯೊಳಗೆ ಗುನುಗಬಹುದಿತ್ತು, ಟ್ರೈನಿನ ಗದ್ದಲದಲ್ಲಿ ಯಾರಿಗೆ ಕೇಳಿಸುತ್ತಿತ್ತು? ಈಗ ನೆನಪು ಮಾಡಿಕೊಂಡರೆ ಧಾಟಿ ಬರುತ್ತದೆ, ಪದ ಬರುವುದಿಲ್ಲ. ನಿನಗೆ ಅಳು ಬರಲಿಲ್ಲ, ಪದ್ಯವಾದರೂ ಬಂತು. ನನಗೆ ಎರಡೂ ಬರಲಿಲ್ಲ, ಮಗಾ. ಹೊಟ್ಟೆಕಿಚ್ಚು ಅಂತ ತಿಳಿದುಕೋ ಬೇಕಾದರೆ.

ಪದ್ಯದ ವಿಷಯ. ಛಂದಸ್ಸು ನಾನು ಓದಿದವಳಲ್ಲ, ತಿಳಿದಷ್ಟು ಹೇಳುತ್ತೇನೆ, ಸರಿ ಅನಿಸದಿದ್ದರೆ ಬಿಡು.

ಮೊದಲನೆಯ ನುಡಿಯಲ್ಲಿ ಆ ಚಿತ್ರ ಬರುತ್ತದೆ. ಸತ್ತ ಗಂಡನ ಪಕ್ಕದಲ್ಲಿ ಕೂತ ಹೆಣ್ಣುಮಗಳದ್ದು. ದೇಶಕ್ಕೆ ದೇಶವೇ ನೋಡಿದ ಚಿತ್ರ. ನೀನು ಅವಳನ್ನು ಶಿಲೆ ಅಂತ ಬರೆದಿದ್ದೀಯ, ಬಳೆ, ಕುಂಕುಮ ಎಲ್ಲ ತಂದಿದ್ದೀಯ. ಅವಳು ಇದ್ದಾಳೆ, ಶಿವು. ಎಲ್ಲೋ ಒಂದು ಮನೆಯಲ್ಲಿ ಇವತ್ತು ಎದ್ದು ಮುಖ ತೊಳೆದಿದ್ದಾಳೆ. ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಮಗುವನ್ನು ಕಳೆದುಕೊಂಡವರು ಬರೆದದ್ದು. ಸ್ವಂತ ಹೆಂಡತಿಯ ಮುಖವನ್ನು ತಿರುಗಿ ನೋಡಲಿಕ್ಕೇ ಆಗುತ್ತಿಲ್ಲ ಅಲ್ಲಿ ಅವರಿಗೆ. ನಾವು ಗುರುತಿಲ್ಲದವರು, ಆ ಹುಡುಗಿಯನ್ನು ಎಷ್ಟು ಹೊತ್ತು ಅಂತ ನೋಡುವುದು? ಇನ್ನೊಂದು, ಆ ಪದ್ಯದಲ್ಲಿ ಲಯ ಎಲ್ಲೂ ಮುಗ್ಗರಿಸುವುದಿಲ್ಲ. ಅಷ್ಟು ದುಃಖದಲ್ಲೂ ಹಾಡು ಕೆಟ್ಟಿಲ್ಲ. ಇದನ್ನು ನೀನು ನಿನ್ನ ಮಾತ್ರೆಯ ಲೆಕ್ಕದ ಜೊತೆ ಇಟ್ಟು ಯೋಚಿಸು, ನನ್ನ ಮಾತಿಗಿಂತ ಅದು ಉಪಯೋಗಕ್ಕೆ ಬಂದೀತು.

ಎರಡನೆಯ ನುಡಿಯಲ್ಲಿ ಇಪ್ಪತ್ತೈದು ಅಂತ ಬರೆದಿದ್ದೀಯ. ಸತ್ತದ್ದು 26 ಜನ. ಬಿಟ್ಟವನು ಯಾರು ಅಂತ ನೋಡು. ಅಲ್ಲಿಯ ಕುದುರೆಯವನು, ಮುಸಲ್ಮಾನ, ಪ್ರವಾಸಿಗರನ್ನು ಉಳಿಸಲು ಹೋಗಿ ಗುಂಡು ತಿಂದ ಅಂತ ಎಲ್ಲ ಪೇಪರಿನಲ್ಲೂ ಬಂದಿದೆ. ಬೇಕು ಅಂತ ಬಿಟ್ಟಿದ್ದೀಯ ಅಂತ ನಾನು ಅನ್ನುವುದಿಲ್ಲ. ಮಾತ್ರೆಗೆ ಕೂರಲಿಲ್ಲವೇನೋ. ಕೂರಿಸು. ನೇಪಾಳದವನೊಬ್ಬ ಇದ್ದ, ಅವನು ನಿನ್ನ "ಭಾರತಾಂಬೆಯ ಮಕ್ಕಳು" ಒಳಗೆ ಎಲ್ಲಿ ನಿಲ್ಲಬೇಕು? ನಮ್ಮ ಕರ್ನಾಟಕದವರಿಗೆ ಪೂರ್ತಿ ಒಂದು ನುಡಿ ಕೊಟ್ಟಿದ್ದೀಯ, ಅದು ಚೆನ್ನಾಗಿದೆ.

ಮೂರನೆಯ ನುಡಿ ನಿನ್ನದಲ್ಲ. ನೀನೇ ಬರೆದಿರಬಹುದು, ಆದರೆ ಅದು ನಿನ್ನ ದನಿ ಅಲ್ಲ, ಆ ವಾರ ಎಲ್ಲರ ಮೊಬೈಲಿನಲ್ಲಿ ಓಡಾಡಿದ ದನಿ. ಕೊಂದವರು ಧರ್ಮ ಕೇಳಿ ಕೊಂದರು. ಅದನ್ನು ಮುಚ್ಚಿಡು ಅಂತ ನಾನು ಹೇಳುವುದಿಲ್ಲ, ಬರಿ. ಆದರೆ "ಅವರು" ಅಂತ ಬರೆದು ಯಾರು ಯಾರನ್ನು ಅದರೊಳಗೆ ಸೇರಿಸಿದ್ದೀಯ? ಮರುದಿನ ಇಡೀ ಕಣಿವೆ ಅಂಗಡಿ ಮುಚ್ಚಿತು. ಶ್ರೀನಗರದ ಪತ್ರಿಕೆಗಳು ಮುಖಪುಟಕ್ಕೆ ಕಪ್ಪು ಬಳಿದವು. ಆ ಶುಕ್ರವಾರ ಜಾಮಾ ಮಸೀದಿಯಲ್ಲಿ ಸತ್ತವರಿಗಾಗಿ ಮೌನ ಆಚರಿಸಿದರು. ಮೊಹರಂ ತಾಲೀಮಿನಲ್ಲಿ ಡಪ್ಪು ಬಡಿಯುತ್ತಿದ್ದ ನಮ್ಮ ಓಣಿಯ ಕಾಕಾ ಈಗ ಇದ್ದಿದ್ದರೆ ಅವರ ಮುಂದೆ ಈ ನುಡಿ ಓದಲಿಕ್ಕೆ ನಿನಗೆ ಆಗುತ್ತಿತ್ತಾ? ಕೋಪ ಬರಲಿ. ನನಗೂ ಬಂದಿದೆ, ಇನ್ನೂ ಇದೆ. ಅದು ಪೂರ್ತಿ ತಪ್ಪು ಅಂತಲೂ ನನಗೆ ಅನಿಸುವುದಿಲ್ಲ. ಆದರೆ ನಿನಗೆ ಒಂದು ಮಾತು ಕೇಳಲಾ? ಅಳು ಬರಲಿಲ್ಲ ಅನ್ನುವ ಹೆದರಿಕೆಗೇ ಆ ನುಡಿಯನ್ನು ಅಷ್ಟು ಜೋರು ಮಾಡಿದೆಯಾ? ಕಣ್ಣೀರು ತೋರಿಸಲಿಕ್ಕೆ ಇಲ್ಲ, ಸಿಟ್ಟಾದರೂ ಕಾಣಲಿ ಅಂತ? ನನ್ನ ಊಹೆ, ಅಷ್ಟೇ. ಹಾಗಲ್ಲ ಅಂದರೆ ಅಲ್ಲ.

ಆಯಿಯ ಹಾಗೆ ಯಾರನ್ನಾದರೂ ಕೇಳಿ ಬರೆಯಲಿಕ್ಕೆ ಆಗುತ್ತದಾ ನೋಡು ಅಂತ ಹೇಳುವವಳಿದ್ದೆ. ಬೇಡ. ಆ ಮನೆಗಳಿಗೆ ಈಗ ಯಾರೂ ಹೋಗಿ ಕೇಳಬಾರದು, ಟಿವಿಯವರೇ ಸಾಕು. ಪೇಪರಿನಲ್ಲಿ ಮನೆಯವರೇ ಹೇಳಿದ್ದು ಎಷ್ಟೋ ಬಂದಿದೆ, ಅದನ್ನು ನಿಧಾನಕ್ಕೆ ಓದು. ಬರೆಯಲಿಕ್ಕೆ ಅಂತ ಅಲ್ಲ. ಬರೆಯದಿದ್ದರೂ ಪರವಾಗಿಲ್ಲ.

ದೀಪ ಹಚ್ಚುವುದನ್ನು ನಿಲ್ಲಿಸಬೇಡ ಅಂತ ಹೇಳಬೇಕು ಅನಿಸುತ್ತದೆ, ದೊಡ್ಡವಳಾಗಿ. ಆದರೆ ಯಾವ ಬಾಯಿಂದ ಹೇಳಲಿ, ಆಗ ನಾನು ಲಿಂಗ ಹಿಡಿದು ಕೂತಿದ್ದು ಅಭ್ಯಾಸ ಬಲದಿಂದ, ಭಕ್ತಿಯಿಂದ ಅಲ್ಲ. ಏನೂ ಆಗದೆ ಕೂತಿರುತ್ತಿದ್ದ ಆ ಹೊತ್ತು ವ್ಯರ್ಥ ಅಂತ ಮಾತ್ರ ನನಗೆ ಇವತ್ತಿಗೂ ಅನಿಸಿಲ್ಲ. ಯಾಕೆ ಅಂತ ಕೇಳಬೇಡ. ಮುಂದೆ ಯಾವಾಗಲೋ ಪ್ರಾರ್ಥನೆ ತಾನಾಗಿ ಬಂತು. ಮೊದಲಿನಂಥದ್ದಲ್ಲ, ಉಳಿಸು ಕಾಪಾಡು ಅನ್ನುವುದು ಅದರಲ್ಲಿ ಕಡಿಮೆ.

ನಿನ್ನ ಅವ್ವನಿಗೆ ಈ ಕಲ್ಲಿನ ಮಾತು ಹೇಳಬೇಡ, ಅವಳು ಮೊದಲೇ ಹೆದರುವವಳು, ನಾಳೆಯೇ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದುಬಿಡುತ್ತಾಳೆ. ನನಗೆ ಹೇಳು. ಸಭೆಯಲ್ಲಿ ಓದುವಾಗ ಒಂದು ವೇಳೆ ಅಳು ಬಂದರೆ ಗಾಬರಿ ಬೀಳಬೇಡ, ನಿಲ್ಲಿಸಿ ನೀರು ಕುಡಿ. ಬರದಿದ್ದರೆ ಸರಿಯಾಗಿ ಓದು, ಅವಸರ ಮಾಡಬೇಡ, ನೀನು ಕೊನೆಯ ಸಾಲನ್ನು ಯಾವಾಗಲೂ ನುಂಗುತ್ತೀಯ. ತಿದ್ದಿದ ಪ್ರತಿಯನ್ನು ಸಭೆಗೆ ಮೊದಲೇ ನನಗೆ ಕಳಿಸು. ಫೋಟೋ ತೆಗೆದು ಕಳಿಸಬೇಡ, ಸಣ್ಣ ಅಕ್ಷರ ಕಾಣುವುದಿಲ್ಲ. ಓದಿ ಧ್ವನಿ ಕಳಿಸಿದರೆ ಇನ್ನೂ ಒಳ್ಳೆಯದು.

ನಿನ್ನ ದೊಡ್ಡವ್ವ