ಅಪ್ಪನ ಪತ್ರಗಳು ಒಣಗಿದವು, ಎಲ್ಲರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಅಪ್ಪನ ಪತ್ರಗಳ ಕೆಲಸ ಹೋದ ಭಾನುವಾರ ಮುಗಿಯಿತು. ಎರಡು ವರ್ಷ ಹಿಡಿಯಿತು. ಒಟ್ಟು 430 ಪತ್ರ, ಹೆಚ್ಚಿನವು ಕಾರ್ಡುಗಳು. ಎಲ್ಲಕ್ಕೂ ಪೆನ್ಸಿಲಿನಲ್ಲಿ ನಂಬರ್ ಬಿದ್ದಿದೆ, ಸ್ಕ್ಯಾನ್ ಆಗಿದೆ, ಇನ್ನು ಮಾಳಿಗೆ ಸೋರಿದರೂ ನನಗೆ ನಿದ್ದೆ ಬರುತ್ತದೆ. ಒಬ್ಬೊಬ್ಬರಿಗೆ ಫೋನ್ ಮಾಡಿ ಹೇಳಹೋದರೆ ಯಾರಾದರೂ ಬಿಟ್ಟುಹೋಗುತ್ತಾರೆ, ಆಮೇಲೆ ಮಾತು ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕೊಪ್ಪಳದಲ್ಲಿ ಶಾಲೆ ಮಾಸ್ತರರಾಗಿದ್ದರು. ಸಂಗೀತ ಕಛೇರಿ ಮಾಡಿದವರಲ್ಲ. ದನಿ ಅಷ್ಟಕ್ಕಷ್ಟೇ, ಅದನ್ನು ಅವರೇ ಹೇಳುತ್ತಿದ್ದರು. ಅವರ ಹುಚ್ಚು ಸಂಗೀತಶಾಸ್ತ್ರದ್ದು. ಇಲ್ಲೇ ಹೊಳೆಯಾಚೆ ವಿಜಯನಗರದಲ್ಲಿ ಕೂತು ರಾಮಾಮಾತ್ಯ 1550ರಲ್ಲಿ 20 ಮೇಳ, ಅಂದರೆ ರಾಗಗಳನ್ನು ಗುಂಪು ಮಾಡುವ ಸ್ವರಗಳ ಚೌಕಟ್ಟು, ಹೇಳಿದ, ಮುಂದಿನ ಶತಮಾನದಲ್ಲಿ ವೆಂಕಟಮಖಿ ಲೆಕ್ಕವನ್ನು 72ಕ್ಕೆ ಒಯ್ದ, ನಮ್ಮ ಅಜ್ಜಂದಿರ ಕಾಲಕ್ಕೆ ಭಾತಖಂಡೆಯವರು ಹಿಂದೂಸ್ತಾನಿ ರಾಗಗಳನ್ನೆಲ್ಲ 10 ಥಾಟಿನಲ್ಲಿ, ಅಂದರೆ ಆ ಕಡೆಯ ಮೇಳಗಳಲ್ಲಿ, ಕೂರಿಸಿದರು. ಈ ಮೂರನ್ನೂ ತಾಳೆ ಹಾಕಿ ನೋಡುವುದರಲ್ಲೇ ಅಪ್ಪನ ಆಯುಷ್ಯ ಹೋಯಿತು. ಅದಕ್ಕೆ ಜೊತೆ ಸಿಕ್ಕವರು ಬಳ್ಳಾರಿಯ ಒಬ್ಬ ವೀಣೆ ಮೇಷ್ಟ್ರು, ಕರ್ನಾಟಕ ಸಂಗೀತದ ಕಡೆಯವರು. ಮೊದಲ ಕಾರ್ಡು 1955ರದ್ದು. ಆಗ ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿತ್ತು, ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಎರಡು ವರ್ಷ ಆಗಿತ್ತು. ಒಂದೇ ರೈಲಿನಲ್ಲಿ ಹೋಗಿ ಮಾತಾಡಿ ಸಂಜೆಗೆ ಬರಬಹುದಾದ ಊರು, ಆದರೂ ಇಬ್ಬರೂ ನಲವತ್ತು ವರ್ಷ ಕಾರ್ಡಿನಲ್ಲೇ ಜಗಳ ಆಡಿದರು.

ಪತ್ರಗಳನ್ನು ಇಟ್ಟದ್ದು ಅವ್ವ. ಇಟ್ಟದ್ದು ಅಂದರೆ ಜಂತಿಗೆ ನೇತುಹಾಕಿದ ತಂತಿಗೆ ಚುಚ್ಚಿದ್ದು. ಶಾಸ್ತ್ರದ ಕಾರ್ಡು, ಸೋದರತ್ತೆಯ ಮದುವೆ ಪತ್ರ, ಎಲ್‌ಐಸಿ ನೋಟಿಸು, ಬಂದದ್ದು ಬಂದ ಹಾಗೆ ಚುಚ್ಚಿದಳು. ಹಾಗಾಗಿ ಪ್ರತಿ ಪತ್ರದ ನಡುವೆ ಒಂದು ತೂತು. ಅಪ್ಪ ತೀರಿಕೊಂಡ ವರ್ಷ ಮಳೆಗೆ ಮಾಳಿಗೆ ಸೋರಿ ಮೂರು ತಂತಿ ಪೂರ್ತಿ ನೆನೆದವು. ಗಾಬರಿಯಲ್ಲಿ ನಾನು ಒಂದು ಸಂಸ್ಥೆಗೆ ಎರಡು ಕಟ್ಟು ಒಯ್ದುಕೊಟ್ಟೆ. ಎಂಟು ತಿಂಗಳಾದ ಮೇಲೆ, ಮನೆ ವಿಷಯದ್ದು ಬೇರೆ ಮಾಡಿ ಸಂಗೀತದ್ದಷ್ಟೇ ತನ್ನಿ ಅಂತ ವಾಪಸು ಕೊಟ್ಟರು. ಅಂಚಿಗೆ ಪಂಚಿಂಗ್ ಮಷೀನಿನಿಂದ ಎರಡೆರಡು ತೂತು ಹೊಡೆದಿದ್ದರು. ಅವ್ವನ ತೂತೇ ಸಾಕಿತ್ತು.

ಬೇರೆ ಮಾಡಲು ನಾನೂ ಕೂತೆ, ಸುಳ್ಳು ಯಾಕೆ. ಅಡುಗೆಮನೆಯಲ್ಲಿ ಎರಡು ಗುಡ್ಡೆ ಹಾಕಿದೆ. 1961ರ ಒಂದು ಕಾರ್ಡಿಗೆ ಬಂದು ನಿಂತೆ. ಅಕ್ಕ ಹುಟ್ಟಿದ ವರ್ಷ. ಅವಳಿಗೆ ಭೈರವಿ ಅಂತ ಹೆಸರಿಡುವ ಆಸೆ ಅಪ್ಪನಿಗೆ. ಬಳ್ಳಾರಿಯಿಂದ ಉತ್ತರ: ನಿಮ್ಮ ಭೈರವಿ ಥಾಟು ನಮ್ಮಲ್ಲಿ ಎಂಟನೇ ಮೇಳ ಹನುಮತೋಡಿ, ನಮ್ಮ ಭೈರವಿ ರಾಗವೇ ಬೇರೆ, ಮಗು ಈ ಕಡೆ ಬಂದರೆ ನಾವು ತೋಡಿ ಅಂತ ಕೂಗಬೇಕಾಗುತ್ತದೆ, ಯೋಚಿಸಿ. ಇದನ್ನು ಯಾವ ಗುಡ್ಡೆಗೆ ಹಾಕೋದು ಹೇಳಿ? ಅಷ್ಟರಲ್ಲಿ ಅವ್ವ ತನ್ನ ತಾಯಿ ಹೆಸರು ಇಟ್ಟು ಮುಗಿಸಿದ್ದಳು, ಅದು ಬೇರೆ ಮಾತು. ಆವತ್ತು ಎರಡೂ ಗುಡ್ಡೆ ಕೂಡಿಸಿದೆ. ಈಗ ಎಲ್ಲವೂ ತಾರೀಖಿನ ಪ್ರಕಾರ ಇವೆ, ಅಂದರೆ ಅವ್ವನ ತಂತಿಯಲ್ಲಿ ಇದ್ದ ಹಾಗೆಯೇ.

ಒಣಗಿಸಲು ಬಂದ ಓಣಿಯ ಹುಡುಗಿಯರಿಗೆ ಮೊದಲ ಥ್ಯಾಂಕ್ಸ್. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ, ಬ್ಲಾಟಿಂಗ್ ಪೇಪರ್ ನಡುವೆ ಇಡಿ, ಸೆಲ್ಲೋಟೇಪು ಮುಟ್ಟಲೇಬೇಡಿ ಅಂತ ಹೇಳಿಕೊಟ್ಟ ಲೈಬ್ರರಿಯನ್ ಮೇಡಂಗೂ. ಲ್ಯಾಮಿನೇಶನ್ ಮಾಡಿಸೋಣ ಅಂತ ನಾನು ಹೊರಟಿದ್ದೆ, ಅವರು ಬೈದು ತಪ್ಪಿಸಿದರು. ಝೆರಾಕ್ಸ್ ಅಂಗಡಿಯ ತಮ್ಮನಿಗೆ ಸ್ಕ್ಯಾನಿಂಗ್ ದುಡ್ಡು ಇನ್ನೂ ಅರ್ಧ ಕೊಡೋದಿದೆ. ಕೊಡ್ತೀನಪ್ಪ.

ಇನ್ನು ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣುವುದಿಲ್ಲ. ಅಪ್ಪ ಸ್ವರ ಬರೆಯುತ್ತಿದ್ದದ್ದು ಭಾತಖಂಡೆ ಪದ್ಧತಿಯಲ್ಲಿ. ಕೋಮಲ, ಅಂದರೆ ಇಳಿಸಿದ ಸ್ವರಕ್ಕೆ ಕೆಳಗೆ ಗೆರೆ, ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ ಸ್ವರಕ್ಕೆ ಕೆಳಗೆ ಚುಕ್ಕೆ. ನೀರು ಬಿದ್ದರೆ ಮೊದಲು ಹೋಗುವುದೇ ಗೆರೆ. ಚುಕ್ಕೆಯ ಕಥೆ ಇನ್ನೊಂದು, ಅದು ಚುಕ್ಕೆಯೋ ಹುಳ ತಿಂದ ತೂತೋ ಅಂತ ನಾವು ಮಸೂರ ಹಿಡಿದು ಜಗಳ ಆಡಿದ್ದೇವೆ. 1968ರ ಒಂದು ಕರಡಿನಲ್ಲಿ ನಿ ಸ ಗ ಮ ಪ ನಿ ಸಾ ಅಂತ ಇತ್ತು. ಗ ಕೆಳಗೆ ಗೆರೆ ಮಸುಕಾಗಿ ಕಾಣುತ್ತಿತ್ತು, ನಿ ಕೆಳಗೆ ಬರೀ ನೀರಿನ ಕಲೆ. ಗೆರೆ ಇದ್ದಿದ್ದರೆ ಅದು ಭೀಮಪಲಾಸಿ ರಾಗ, ಇಲ್ಲದಿದ್ದರೆ ಪಟದೀಪ್. ಅಷ್ಟೇ ವ್ಯತ್ಯಾಸ. ನಾನು ಓದಿದೆ, ಗವಾಯಿಗಳು ಎರಡೂ ರೀತಿ ಹಾಡಿದರು, ಆಮೇಲೆ ಕೇಳಿದರು: “ಮುಂದೇನು ಬರದಾರ?” ಮುಂದೆ, ‘ಇದನ್ನು ಕಾಫಿ ಥಾಟಿಗೆ ಯಾವ ನ್ಯಾಯದಿಂದ ಸೇರಿಸುವುದು’ ಅಂತಿತ್ತು. ಗವಾಯಿಗಳು ನಕ್ಕುಬಿಟ್ಟರು. “ಅಲ್ಲಿ ಗೆರಿ ಇರಲೇ ಇಲ್ಲ ತಂಗಿ. ಭೀಮಪಲಾಸಿ ಕಾಫಿಯೊಳಗ ಸುಮ್ನ ಕೂಡ್ತದ, ಅದಕ್ಯಾಕ ಜಗಳಾ ತೆಗೀತಾರ ನಿಮ್ಮಪ್ಪ? ಇದು ಪಟದೀಪ.” ಕೋಮಲ ಗಾಂಧಾರ, ಶುದ್ಧ ಮಧ್ಯಮ, ಶುದ್ಧ ನಿಷಾದ ಮೂರೂ ಕೂಡಿದ ಥಾಟು ಹತ್ತರಲ್ಲಿ ಒಂದೂ ಇಲ್ಲ, ಅದೇ ಅಪ್ಪನ ತಕರಾರು.

ಗವಾಯಿಗಳ ಮಾತು ಸರಿ ಅಂತ ಗೊತ್ತಾದದ್ದು ಮೂರು ತಿಂಗಳ ನಂತರ, ಬಳ್ಳಾರಿ ಮೇಷ್ಟ್ರ ಮೊಮ್ಮಗ ಒಂದು ತಗಡಿನ ಟ್ರಂಕು ಹೊತ್ತುಕೊಂಡು ರೈಲಿನಿಂದ ಇಳಿದಾಗ. ನಮ್ಮಲ್ಲಿ ಅವರ ಕಾರ್ಡುಗಳು ಇದ್ದ ಹಾಗೆ ಅವರಲ್ಲಿ ಅಪ್ಪನವು ಇದ್ದವು, ಒಂದೂ ನೆನೆಯದೆ. ಆ ಕರಡಿನ ಅಸಲು ಸಿಕ್ಕಿತು. ನಿ ಕೆಳಗೆ ಗೆರೆ ಇಲ್ಲ. ಅದರ ಉತ್ತರ ನಮ್ಮ ತಂತಿಯಲ್ಲಿತ್ತು, 72 ಮೇಳಗಳಲ್ಲಿ ಆ ಮೂರೂ ಸ್ವರ ಕೂಡಿದ ಒಂದನ್ನು ತೋರಿಸಿ: ‘ನಿಮ್ಮ ಪಟದೀಪಕ್ಕೆ ನಮ್ಮಲ್ಲಿ 23ನೇ ಮನೆ ಖಾಲಿ ಇದೆ, ಗೌರಿಮನೋಹರಿ, ಬಾಡಿಗೆ ಬೇಡ. ಹಣದ ಮಾತು ಮತ್ತೆ ಎತ್ತಬೇಡಿ.’

ಯಾವ ಹಣ? ಅದನ್ನು ಬಿಡಿಸಿದವರು ಪಕ್ಕದ ಮನೆ ಚಾಚಾ. ಅಪ್ಪ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವರು, ಕಾರ್ಡುಗಳ ಅಂಚಿನಲ್ಲಿ ಉರ್ದುವಿನಲ್ಲಿ ಏನೋ ಗೀಚುತ್ತಿದ್ದರು. ಅದೂ ಶಾಸ್ತ್ರವೇ ಅಂತ ನಾವು ತಿಳಿದಿದ್ದೆವು. ಚಾಚಾ ಕನ್ನಡಕ ಒರೆಸಿಕೊಂಡು ಓದಿದರು. “ಇದು ರಾಗ ಅಲ್ಲ ಬೇಟಿ, ಸಾಲ. ಬಳ್ಳಾರಿ, ಪೇಟಿ ರಿಪೇರಿ, 40 ಬಾಕಿ.” ಪೇಟಿ ಅಂದರೆ ಹಾರ್ಮೋನಿಯಂ. 1968ರಿಂದ 1971ರವರೆಗೆ ಪ್ರತಿ ಕಾರ್ಡಿನ ಮೇಲೂ ಅದೇ ಸಾಲು. ಅವ್ವ ಅಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೈ ನಿಂತಿತು. “ಪೇಟಿ ಪುಕ್ಕಟೆ ರಿಪೇರಿ ಆತು ಅಂದಿದ್ದ ನನ್ನ ಮುಂದ!” ಅಂದಳು. ಆಮೇಲೆ ಸಂಜೆತನಕ ನಗುತ್ತಿದ್ದಳು. ಅವ್ವ ಹಾಗೆ ನಕ್ಕು ಬಹಳ ದಿನ ಆಗಿತ್ತು. ಚಾಚಾ, ಅದಕ್ಕೆ ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ.

ಹೋದ ಭಾನುವಾರ ಬಳ್ಳಾರಿಯ ತಮ್ಮ ಕೊನೆಯ ಕಟ್ಟಿಗೆ ನಂಬರ್ ಹಾಕಿ ಹೊರಟಾಗ ಕೈಗೆ 40 ರೂಪಾಯಿ ಇಟ್ಟೆ. ಬೇಡ ಅಂದ. ಅವ್ವ ಬಿಡಲಿಲ್ಲ. ಕೊನೆಗೆ ಸ್ಟೇಷನ್ ದಾರಿಯಲ್ಲಿ ಆ ದುಡ್ಡಿನಲ್ಲೇ ಒಗ್ಗರಣಿ-ಮಿರ್ಚಿ ತಿಂದೆವು, ನಾನು, ಅವನು, ಗವಾಯಿಗಳು. ಬಿಲ್ಲು 90 ಆಯಿತು. ನಾನು ಪರ್ಸು ಮನೆಯಲ್ಲೇ ಬಿಟ್ಟಿದ್ದೆ, ಮೇಲಿನ 50 ಅವನೇ ಕೊಟ್ಟ. ಹಾಗಾಗಿ ಬಳ್ಳಾರಿಗೆ ನಮ್ಮದು ಈಗ 50 ಬಾಕಿ.