ಚಿಟಿಕೆ ಬಿದ್ದ ಸಾಲುಗಳ ಬಗ್ಗೆ

ಪ್ರೀತಿಯ ತಂಗಿ,

ನಿನ್ನ ಮೇಲ್ ಬಂತು. ನೀನು ಪದ್ಯ ಓದಿದ ವಿಡಿಯೊ ನೋಡಿದೆ, ಪದ್ಯವನ್ನೂ ಓದಿದೆ. ಮೊದಲಿಗೆ, ನನ್ನನ್ನು ಮೇಡಂ ಅನ್ನಬೇಡ. ಅಕ್ಕ ಅನ್ನು, ಸಾಕು.

ನೀನು ಕೇಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ನನ್ನಿಂದ ಉತ್ತರ ಸಿಗುವುದಿಲ್ಲ. ಪದ್ಯವನ್ನು ಬಾಯಿಪಾಠ ಮಾಡಬೇಕಾ, ಫೋನ್ ನೋಡಿಕೊಂಡು ಓದಬಹುದಾ, ಮೂರು ನಿಮಿಷ ಮೀರಿದರೆ ಏನಾಗುತ್ತೆ, ಸಂಕಲನ ಯಾರು ಹಾಕುತ್ತಾರೆ. ಇದನ್ನೆಲ್ಲ ನಿಮ್ಮ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಮೈಕ್ ಮುಂದೆ ಬಂದು ಪದ್ಯ ಓದುವ ಕೂಟ, ಅದನ್ನು ನಡೆಸುವ ಹುಡುಗರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ಬರೆಯಲು ಟೈಮೇ ಸಿಗಲ್ಲ ಅಂತ ಗೋಳಾಡಿದ್ದೀಯ. ಅದಕ್ಕೆ ಆಡ್ರಿ ಲಾರ್ಡ್ 1985ರಲ್ಲಿ ತನ್ನ ಗೆಳತಿ ಪ್ಯಾಟ್ ಪಾರ್ಕರ್‌ಗೆ ಬರೆದ ಕಾಗದ ಹುಡುಕಿ ಓದು. ಇಬ್ಬರೂ ಕಪ್ಪು ಹೆಂಗಸರು, ಲೆಸ್ಬಿಯನ್ನರು, ಕವಿಗಳು. ಪಾರ್ಕರ್ ಇಲ್ಲೇ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಹೆಂಗಸರ ಆರೋಗ್ಯ ಕೇಂದ್ರವೊಂದರಲ್ಲಿ ದುಡಿಯುತ್ತಿದ್ದಳು. ಕೆಲಸ ಬಿಟ್ಟು ಬರೆಯುತ್ತಾ ಕೂರಬೇಕು ಅಂತ ಹೊರಟಿದ್ದಳು. ಒಂದು ವರ್ಷ ಅಂದರೆ ಈಗ ಬಹಳ ಅನಿಸುತ್ತೆ, ಹಾಗಲ್ಲ, ಅಡುಗೆಮನೆ ಸಿಂಕು, ನಲ್ಲಿ ರಿಪೇರಿ ಅಂತ ಕೈಬಿಟ್ಟು ಹೋಗುತ್ತೆ, ಹುಷಾರು ಅಂತ ಲಾರ್ಡ್ ಎಚ್ಚರಿಸುತ್ತಾಳೆ. ನಾಲ್ಕು ವರ್ಷ ತುಂಬುವ ಮೊದಲೇ ಪಾರ್ಕರ್ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಲಾರ್ಡ್ 1992ರಲ್ಲಿ. ಟೈಮಿನ ಬಗ್ಗೆ ಇದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ.

ನನಗೆ ಮಾತಾಡಬೇಕಿರುವುದು ಚಪ್ಪಾಳೆ ಬಗ್ಗೆ. ಚಪ್ಪಾಳೆ ಅಂದ್ರೆ ಚಿಟಿಕೆ. ನಿಮ್ಮಲ್ಲಿ ಓದುವವರ ನಡುವೆ ಸದ್ದಾಗಬಾರದು ಅಂತ ಬೆರಳು ಚಿಟಿಕೆ ಹೊಡೆಯುತ್ತೀರಲ್ಲ, ಅದು.

ಕಪ್ಪು, ಕಂದು ಮೈಬಣ್ಣದ ಕ್ವೀರ್ ಜನರ, ಅಂದರೆ ಗೇ, ಲೆಸ್ಬಿಯನ್, ಟ್ರಾನ್ಸ್ ಜನರ, ಓಪನ್ ಮೈಕ್‌ನಲ್ಲಿ ನೀನು ಓದಿದೆ. ಜನ ಚಿಟಿಕೆ ಹೊಡೆದರು, ಹೋ ಅಂದರು, ನಿನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಆಮೇಲೆ ಅದೇ ಪದ್ಯ ಹಿಡಿದು ಸ್ಲ್ಯಾಮ್‌ಗೆ ಹೋದೆ. ಅಲ್ಲಿ ಅಂಕ ಬೀಳಲಿಲ್ಲ. ಈಗ ಬರೆಯೋದನ್ನೇ ಬಿಡ್ತೀನಿ ಅಂತೀಯ. ಅಯ್ಯೋ, ಸ್ಲ್ಯಾಮ್ ಅಂದರೇನು? ಶಿಕಾಗೋದಲ್ಲಿ ಮಾರ್ಕ್ ಸ್ಮಿತ್ ಅನ್ನುವ ಕಟ್ಟಡ ಕೆಲಸದವನು 1980ರ ದಶಕದಲ್ಲಿ ಬಾರಿನಲ್ಲಿ ಶುರು ಮಾಡಿದ ಆಟ. ಕೇಳಲು ಬಂದವರಲ್ಲೇ ಐದು ಜನರನ್ನು ಹಿಡಿದು, ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ ಅನ್ನುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಬಂದ ಒಂದನ್ನು, ಎಲ್ಲಕ್ಕಿಂತ ಕಡಿಮೆ ಬಂದ ಒಂದನ್ನು ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಆ ಐವರಲ್ಲಿ ಸುಮ್ನೆ ಬಿಯರ್ ಕುಡಿಯಲು ಬಂದವನೂ ಇರಬಹುದು. ಆ ಆಟವನ್ನು ಚೆನ್ನಾಗಿ ಆಡಿದವರೂ ಇದ್ದಾರೆ. ಫಿಲಿಪಿನೋ ಮೂಲದ ಗೇ ಕವಿ ರೆಜಿ ಕಾಬಿಕೊ 1993ರಲ್ಲಿ ನ್ಯೂಯಾರ್ಕಿನ ನುಯೊರಿಕನ್ ಪೊಯೆಟ್ಸ್ ಕೆಫೆಯ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ. ಆಡು, ಗೆಲ್ಲು, ಸೋಲು. ಸೋತಾಗ ಒಂದು ದಿನ ಅಳು. ನನಗೆ ಚಿಂತೆ ಇರುವುದು ಮೊದಲಿನ ರಾತ್ರಿ ಬಗ್ಗೆ, ನೀನು ಹಿಗ್ಗಿದ್ದರ ಬಗ್ಗೆ.

ನಿನ್ನ ಪದ್ಯ ಇಂಗ್ಲಿಷಿನದು. ಮೊದಲ ಪುಟದಲ್ಲಿ ನಾಲ್ಕು ಸಾಲು ಕನ್ನಡ ಬರುತ್ತೆ. ‘ನಾನು ಮಣ್ಣು, ನಾನು ಮಳೆ, ನಾನು ನನ್ನವ್ವನ ಬೇರು, ಈ ಬೇರನ್ನು ಯಾರೂ ಕೀಳಲಾರರು.’ ವಿಡಿಯೊದಲ್ಲಿ ಜನ ಎದ್ದು ನಿಲ್ಲುವುದು ಇಲ್ಲೇ. ಆ ಕೋಣೆಯಲ್ಲಿ ಕನ್ನಡ ಬಲ್ಲವರು ಯಾರಿದ್ದರು? ನೀನೊಬ್ಬಳೇ ಅಲ್ವಾ? ನನಗೆ ಕನ್ನಡ ಬರುತ್ತೆ. ಈ ಸಾಲುಗಳನ್ನು ರಾಜ್ಯೋತ್ಸವದ ಬ್ಯಾನರಿಗೆ ಬರೆಸಿದರೂ ನಡೆಯುತ್ತೆ. ತಿಪಟೂರು ಕಡೆಯ ಹುಡುಗಿ ಬರೆದಳು ಅನ್ನೋದಕ್ಕೆ ಒಂದು ಗುರುತಿಲ್ಲ. ಹೆಣ್ಣನ್ನು ಪ್ರೀತಿಸಿದ ಹೆಣ್ಣು ಬರೆದಳು ಅನ್ನೋದಕ್ಕೂ ಇಲ್ಲ. ಊರಿನಲ್ಲಿ, ನಿನ್ನ ಜೊತೆ ಓದಿದವರ ಮುಂದೆ ಇದನ್ನು ಓದುತ್ತಿದ್ದೆಯಾ? ನಾಲಿಗೆ ಕಚ್ಚಿಕೊಳ್ಳುತ್ತಿದ್ದೆ. ಇಲ್ಲಿ ಧೈರ್ಯವಾಗಿ ಓದಿದ್ದು, ಕೇಳುವವರಿಗೆ ಅದು ಬರೀ ಸದ್ದು ಅಂತ ನಿನಗೆ ಗೊತ್ತಿದ್ದರಿಂದ.

ಅದೇ ಪದ್ಯದ ಎರಡನೆಯ ಪುಟಕ್ಕೆ ಬಾ. ಅಟ್ಟದ ಭಾಗ. ಕಾಯಿ ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷವಾಗಿದೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿರಬೇಕು. ಬಿಟ್ಟಿದೆಯಾ ನೋಡಲು ನಿಮ್ಮಮ್ಮ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ. ನೀನು ಏಣಿಯ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೀಯ, ತಲೆ ಮಾತ್ರ ಅಟ್ಟದೊಳಗೆ. ಬೆಂಗಳೂರಿನ ಹಾಸ್ಟೆಲಿನ ಆ ಹುಡುಗಿಯ ವಿಷಯ ಹೇಳುತ್ತೀಯ. ಅಮ್ಮ ಏನೂ ಅನ್ನುವುದಿಲ್ಲ. ಇನ್ನೊಂದು ಕಾಯಿ ಎತ್ತಿ ಕಿವಿಗೆ ಹಿಡಿಯುತ್ತಾರೆ.

ಇದನ್ನು ಓದಿ ನಾನು ಕಾಫಿ ಲೋಟ ಕೆಳಗಿಟ್ಟೆ. ಎಲ್ಲಿಂದ ಬಂತೇ ಇದು ನಿನಗೆ! ಬಹಳ ವರ್ಷ ಬರೆದವರಿಗೂ ಸಿಗದೆ ಹೋಗುವಂಥ ಜಾಗ. ವಿಡಿಯೊದಲ್ಲಿ ಇಲ್ಲಿ ಒಂದು ಚಿಟಿಕೆಯೂ ಇಲ್ಲ. ಯಾರೋ ಕುರ್ಚಿ ಎಳೆದ ಸದ್ದು ಕೇಳುತ್ತೆ. ಅದಕ್ಕೆ ನೀನು, ‘ಅಟ್ಟದ ಭಾಗ ಡಲ್ ಆಗ್ತಿದೆ, ತೆಗೆದು ಕನ್ನಡದ ಸಾಲು ಜಾಸ್ತಿ ಮಾಡ್ತೀನಿ’ ಅಂತ ಬರೆದಿದ್ದೀಯ. ತೆಗೆದರೆ ನನ್ನ ಹತ್ತಿರ ಮಾತಾಡಬೇಡ.

ಆ ಕೋಣೆಯನ್ನು ನಾನು ಹೀಗಳೆಯುತ್ತಿಲ್ಲ. ಅದರ ಹಿಂದೆ ಏನೇನಿದೆ ಅಂತ ಬಲ್ಲೆ. ಎಂಬತ್ತರ ದಶಕದಲ್ಲಿ ವಾಷಿಂಗ್ಟನ್ನಿನಲ್ಲಿ ಕಪ್ಪು ಗೇ ಕವಿ ಎಸೆಕ್ಸ್ ಹೆಂಫಿಲ್ ಗೆಳೆಯರ ಜೊತೆ ಸೇರಿ ಪದ್ಯವನ್ನು ದನಿಗಳ ಮೇಳದ ಹಾಗೆ ಓದುತ್ತಿದ್ದ. ಸಣ್ಣ ಪುಸ್ತಕಗಳನ್ನು ತಾನೇ ಅಚ್ಚು ಹಾಕಿಸುತ್ತಿದ್ದ. ಕಪ್ಪು ಗೇ ಗಂಡಸರ ಬರಹಗಳನ್ನು ಮೊದಲು ಒಟ್ಟುಮಾಡಿ ತಂದ ಜೋಸೆಫ್ ಬೀಮ್ 1988ರಲ್ಲಿ ಏಡ್ಸ್‌ನಿಂದ ಸತ್ತ, ಎರಡನೆಯ ಸಂಕಲನ ಅರ್ಧದಲ್ಲೇ ನಿಂತಿತ್ತು. ಅದನ್ನು ಮುಗಿಸಿದವರು ಹೆಂಫಿಲ್ ಮತ್ತು ಬೀಮ್‌ನ ತಾಯಿ ಡೊರೊತಿ. 1991ರಲ್ಲಿ ಪುಸ್ತಕ ಬಂತು. ಹೆಂಫಿಲ್ 1995ರಲ್ಲಿ ಹೋದ, ವಯಸ್ಸು ಮೂವತ್ತೆಂಟು. ಅಂಥ ಕಾಲದಲ್ಲಿ ಒಬ್ಬ ಮೈಕ್ ಮುಂದೆ ಬಂದು ನಿಂತ ಅಂದರೆ, ಇನ್ನೂ ಇದ್ದಾನೆ ಅಂತ ಅರ್ಥ. ಚಪ್ಪಾಳೆ ಬಿದ್ದದ್ದು ಅದಕ್ಕೆ. ನಿನಗೆ ಬಿದ್ದ ಚಿಟಿಕೆಯಲ್ಲೂ ಅದರ ಪಾಲಿದೆ. ಅದು ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೀವಲ್ಲ, ಹಾಗೆ. ಕುಡಿ, ತಣ್ಣಗಾಗು. ನಿನ್ನ ಪದ್ಯ ಚೆನ್ನಾಗಿದೆ ಅಂತ ಅವರು ಹೇಳಿದರು ಅಂದುಕೊಳ್ಳಬೇಡ, ಅಷ್ಟೇ. ನೀನು ಬಂದದ್ದು ಚೆನ್ನಾಯಿತು ಅಂದರು.

ಇದೇ ಹೆಂಫಿಲ್‌ನ ಇನ್ನೊಂದು ಸಂಗತಿ. 1990ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಔಟ್‌ರೈಟ್ ಅನ್ನುವ ಲೆಸ್ಬಿಯನ್, ಗೇ ಲೇಖಕರ ಸಮ್ಮೇಳನ. ತನ್ನವರೇ ತುಂಬಿದ ಸಭೆ ಅಂತ ಅಂದುಕೊಳ್ಳಬಹುದಾದ ಜಾಗ. ಅಲ್ಲಿ ನಿಂತು, ಫೋಟೋಗ್ರಾಫರ್ ಮೇಪಲ್‌ಥೋರ್ಪ್ ಕಪ್ಪು ಗಂಡಸರನ್ನು ಕೇವಲ ದೇಹಗಳಾಗಿ ನೋಡಿದ ರೀತಿಯನ್ನು ಟೀಕಿಸಿದ. ಆ ಫೋಟೋಗ್ರಾಫರ್ ಸತ್ತು ಒಂದು ವರ್ಷವಾಗಿತ್ತು ಅಷ್ಟೆ, ಗೇ ಜಗತ್ತಿಗೆ ಅವನು ಹೀರೊ. ಸಭೆಯಲ್ಲಿದ್ದ ಬಿಳಿಯರಲ್ಲಿ ಹಲವರಿಗೆ ಸಿಟ್ಟು ಬಂತು. ಹೆಂಫಿಲ್ ಚಿಟಿಕೆ ನಂಬಿ ಬರೆಯುವವನಾಗಿದ್ದರೆ ಬೇರೇನಾದರೂ ಓದಿ ಇಳಿಯುತ್ತಿದ್ದ.

ಈಗ ನಿನ್ನ ‘ನಾನು ಮಣ್ಣು’ ಸಾಲಿಗೆ ವಾಪಸ್ ಬರೋಣ. ಯಾರ ಮಣ್ಣು ಅದು? ನಿಮ್ಮದು ತೋಟ ಇರುವ ಮನೆ. ಆ ಕಾಯಿಯನ್ನು ಮರದಿಂದ ಇಳಿಸಿದವರು ಯಾರು, ಅಟ್ಟದಿಂದ ತೆಗೆದ ಮೇಲೆ ಸುಲಿಯುವವರು ಯಾರು? ಅವರಿಗೆ ನಿಮ್ಮ ಮನೆಯಲ್ಲಿ ಯಾವ ಲೋಟದಲ್ಲಿ ಕಾಫಿ ಕೊಡುತ್ತಿದ್ದರು? ನಿನಗೆ ಗೊತ್ತು, ನನಗೂ ಗೊತ್ತು. ಆ ಕೋಣೆಗೆ ಗೊತ್ತಿಲ್ಲ. ಅಲ್ಲಿ ನಾವೆಲ್ಲ ಒಟ್ಟಾಗಿ ಬ್ರೌನ್, ಒಟ್ಟಾಗಿ ನೊಂದವರು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಂಥದೇ ಮಸೂದೆ ಶಾಸಕರ ಒಪ್ಪಿಗೆ ಪಡೆದು ಗವರ್ನರ್ ಮೇಜಿಗೆ ಹೋಯಿತು, ಅವನು ಸಹಿ ಹಾಕಲಿಲ್ಲ. ಆ ದಿನಗಳಲ್ಲಿ ನಿಮ್ಮ ಓಪನ್ ಮೈಕ್‌ನಲ್ಲಿ ನಮ್ಮ ಕಡೆಯವರು ಯಾರಾದರೂ ಇದರ ಬಗ್ಗೆ ಓದಿದರಾ? ನೀನು ಓದಬೇಕು ಅಂತ ನಾನು ಹೇಳುತ್ತಿಲ್ಲ. ಪದ್ಯಕ್ಕೆ ಹೀಗೆ ಹೋಂವರ್ಕ್ ಕೊಡುವವರನ್ನು ಕಂಡರೆ ನನಗಾಗದು. ಆದರೆ ಮಣ್ಣು ಅಂತ ಬರೆದವಳು ನೀನು. ಬರೆದ ಮೇಲೆ ಕೇಳುವವರು ಕೇಳುತ್ತಾರೆ.

ನನ್ನ ಹಳೆಯ ಸಿಟ್ಟೂ ಇದರಲ್ಲಿ ಸೇರಿಕೊಂಡಿದೆ, ಮುಚ್ಚಿಡುವುದಿಲ್ಲ. ಇಲ್ಲಿನ ಕನ್ನಡದವರ ಕವಿಗೋಷ್ಠಿಯೊಂದಕ್ಕೆ ಕರೆದಿದ್ದರು. ಪದ್ಯ ಮೊದಲೇ ಕಳಿಸಿ ಅಂದರು, ಕಳಿಸಿದೆ. ವೇದಿಕೆ ಹತ್ತುವ ಮುಂಚೆ ಒಬ್ಬ ಹಿರಿಯರು ಪಕ್ಕಕ್ಕೆ ಕರೆದು, ‘ಆ ಪದ್ಯ ಬೇಡಮ್ಮ, ಮಕ್ಕಳಿದ್ದಾರೆ, ಯುಗಾದಿ ಮೇಲೆ ಏನಾದರೂ ಓದಿ’ ಅಂದರು. ಓದಲಿಲ್ಲ, ಬಿಸಿಬೇಳೆಬಾತಿಗೂ ನಿಲ್ಲಲಿಲ್ಲ. ಅದು ಸರಿ, ಅದು ಗೊತ್ತಿರುವ ಕಥೆ. ನನಗೆ ಅದಕ್ಕಿಂತ ಉರಿಯುವುದು ಇನ್ನೊಂದು. ಕ್ವೀರ್ ಬಳಗದ ಓದಿನಲ್ಲಿ ಅದೇ ಪದ್ಯ ಕನ್ನಡದಲ್ಲೇ ಓದಿದೆ. ನಡೆಸಿಕೊಡುತ್ತಿದ್ದವಳು ಕಣ್ಣೊರೆಸಿಕೊಂಡು, ‘ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಎಷ್ಟು ಧೈರ್ಯ ನಿಮಗೆ!’ ಅಂದಳು. ಎಲ್ಲರೂ ಚಿಟಿಕೆ ಹೊಡೆದರು. ಬೇಡ ಅಂದ ಆ ಹಿರಿಯರು ಪದ್ಯವನ್ನು ಓದಿಯಾದರೂ ಇದ್ದರು, ಮಾರಾಯ್ತಿ.

ಲಾರ್ಡ್‌ಳದು ಇನ್ನೊಂದು ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಹೆಂಗಸರ ಕಾಫಿಹೌಸಿನಲ್ಲಿ ಆಕೆ ಒಂದು ಪ್ರೇಮಪದ್ಯ ಓದಿದಳು, ಹೆಣ್ಣು ಹೆಣ್ಣಿಗೆ ಬರೆದದ್ದು. ಆಕೆಯ ಪುಸ್ತಕ ಹಾಕುತ್ತಿದ್ದ ಡೆಟ್ರಾಯಿಟ್‌ನ ಡಡ್ಲಿ ರ‍್ಯಾಂಡಲ್, ಆತನೂ ಕಪ್ಪು ಕವಿ, ಆ ಪದ್ಯ ನೋಡಿ ತಬ್ಬಿಬ್ಬಾದ. 1973ರ ಸಂಕಲನದಲ್ಲಿ ಅದು ಬರಲಿಲ್ಲ. ಆಮೇಲೆ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಲಾರ್ಡ್ ಆ ಹಾಳೆಯನ್ನು ಹರಿದುಕೊಂಡು ತಾನು ಪಾಠ ಮಾಡುತ್ತಿದ್ದ ಕಾಲೇಜಿನ ಇಂಗ್ಲಿಷ್ ವಿಭಾಗದ ಗೋಡೆಗೆ ಹಚ್ಚಿದಳು. ಅಲ್ಲಿ ಚಿಟಿಕೆ ಹೊಡೆಯುವವರು ಯಾರೂ ಇಲ್ಲ. ಹೋಗಿಬರುವವರು ಓದುತ್ತಾರೆ, ಮುಖ ತಿರುಗಿಸುತ್ತಾರೆ, ಕೆಲವರು ಎರಡನೇ ಸಲ ಬಂದು ಓದುತ್ತಾರೆ. ನಿನ್ನ ಅಟ್ಟದ ಭಾಗವನ್ನು ನಾನು ಅಂಥ ಗೋಡೆಗೆ ಧೈರ್ಯವಾಗಿ ಹಚ್ಚುತ್ತೇನೆ. ಬೇರು, ಮಳೆ ಹಚ್ಚಲ್ಲ.

ತಿದ್ದುವಾಗ ನೋಡಿಕೋ: ಅಮ್ಮ ಅಲ್ಲಾಡಿಸಿದ ಆ ಕಾಯಿ ಕೊಬ್ಬರಿಯಾಗಿತ್ತಾ, ಇನ್ನೂ ನೀರಿತ್ತಾ? ಯಾವ ರಾಶಿಗೆ ಹಾಕಿದರು? ನೀನು ಅಲ್ಲೇ ಇದ್ದೆ, ಕೇಳಿಸಿರುತ್ತೆ. ಪದ್ಯದಲ್ಲಿಲ್ಲ. ‘ಮೌನ’ ಅನ್ನುವ ಪದ ಆ ಪುಟದಲ್ಲಿ ಮೂರು ಕಡೆ ಇದೆ, ಮೂರನ್ನೂ ಹೊಡೆದುಹಾಕು.

ಮತ್ತೆ ಬರೆದರೆ ಕಳಿಸು. ವಿಡಿಯೊ ಬೇಡ, ಅದರಲ್ಲಿ ಜನರ ಸದ್ದೇ ಜಾಸ್ತಿ. ಪ್ರಿಂಟ್ ತೆಗೆದು ಅಂಚೆಗೆ ಹಾಕು. ಸಾಲುಗಳ ನಡುವೆ ಜಾಗ ಬಿಡು, ನಾನು ಪೆನ್ಸಿಲ್ಲಿನಲ್ಲಿ ಬೈಯುವವಳು.

ಅಕ್ಕ
ಓಕ್‌ಲ್ಯಾಂಡ್