ಗ್ರೀನ್ ಟೀಯನ್ನು ಚೊಗರು ಮಾಡಬೇಡ

ತೀರ್ಥಹಳ್ಳಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಟಾಮ್ ಕಾಲಿನ್ಸ್‌ಗೆ ಗ್ರೀನ್ ಟೀ ಬೆರೆಸಿದ್ದು ಕಹಿಯಾಯಿತು, ಬಣ್ಣವೂ ಕೆಟ್ಟಿತು, ಜಿನ್ ಬದಲಿಸಬೇಕೇ ಎಂದು ಕೇಳಿದ್ದೀಯ. ಜಿನ್ನಿನದು ಏನೂ ತಪ್ಪಿಲ್ಲ. ಕುದಿಯುವ ನೀರಿಗೆ ಎರಡು ಟೀಬ್ಯಾಗ್ ಹಾಕಿ ಹತ್ತು ನಿಮಿಷ ಬಿಟ್ಟೆ, ಆಮೇಲೆ ಅವನ್ನು ಹಿಂಡಿದೆ ಎಂದು ನೀನೇ ಬರೆದಿದ್ದೀಯಲ್ಲ, ಎಡವಿದ್ದು ಅಲ್ಲೇ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ನಿನಗೆ ಗೊತ್ತು. ಗ್ರೀನ್ ಟೀ ಎಲೆಯಲ್ಲೂ ಅದೇ ಜಾತಿಯ ಒಗರು ಇದೆ. ಬಿಸಿ ಏರಿದಷ್ಟೂ ಹೊತ್ತು ಕಳೆದಷ್ಟೂ ಅದು ನೀರಿಗೆ ಇಳಿಯುತ್ತ ಹೋಗುತ್ತದೆ. ನೀನು ಜಿನ್ನಿಗೆ ಬೆರೆಸಿದ್ದು ಟೀಯಲ್ಲ ಮಾರಾಯ, ಚೊಗರು.

ಟಾಮ್ ಕಾಲಿನ್ಸ್ ಎಂದರೆ ನಮ್ಮ ನಿಂಬೆ ಸೋಡಾಕ್ಕೆ ಜಿನ್ ಸೇರಿಸಿದ ಹಾಗೆ. ಅಮೆರಿಕದ ಬಾರ್‌ಟೆಂಡರ್ ಜೆರ್ರಿ ಥಾಮಸ್ 1876ರಲ್ಲೇ ಇದನ್ನು ಮಾಡುವ ಕ್ರಮವನ್ನು ಅಚ್ಚು ಹಾಕಿಸಿದ್ದ. ಈಗ ರೂಢಿಯಲ್ಲಿರುವ ಒಂದು ಲೆಕ್ಕ ಜಿನ್ 45 ಮಿ.ಲೀ., ನಿಂಬೆರಸ 30, ಸಕ್ಕರೆ ಪಾಕ 15, ಸೋಡಾ 60. ಗ್ರೀನ್ ಟೀ ಸೇರಿಸುವಾಗ ಈ ಲೆಕ್ಕವನ್ನು ಹಾಗೇ ಇಟ್ಟುಕೊಳ್ಳಲು ಬರುವುದಿಲ್ಲ. ಟೀಯ ಒಗರು ಹುಳಿಯ ಜೊತೆ ಸೇರಿದರೆ ನಾಲಿಗೆ ಬಿಗಿಯುತ್ತದೆ. ಅದಕ್ಕೆ ಹುಳಿ ಇಳಿಸಬೇಕು, ಟೀ ಗಟ್ಟಿಯಿರಬೇಕು. ಒಂದು ಲೋಟಕ್ಕೆ ಹೀಗೆ ಹಿಡಿ: ಜಿನ್ 45, ಗಟ್ಟಿ ಗ್ರೀನ್ ಟೀ 60, ನಿಂಬೆರಸ 20, ಜೇನಿನ ಪಾಕ 15, ಸೋಡಾ 60. ಅಳತೆ ಲೋಟ ಇಲ್ಲದಿದ್ದರೆ ಕೆಮ್ಮಿನ ಔಷಧದ ಗೆರೆ ಹಾಕಿದ ಮುಚ್ಚಳವನ್ನು ಚೆನ್ನಾಗಿ ತೊಳೆದು ಬಳಸು. ಕಣ್ಣಂದಾಜಿನಲ್ಲಿ ಮಾತ್ರ ಸುರಿಯಬೇಡ. ನಿಂಬೆರಸ ಐದು ಮಿ.ಲೀ. ಹೆಚ್ಚಾದರೂ ಟೀ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಈಗ ಟೀ ಮಾತು. ಇದೊಂದು ಹದಕ್ಕೆ ಬಂದರೆ ಮುಕ್ಕಾಲು ಕೆಲಸ ಮುಗಿದಂತೆ.

ಟೀಬ್ಯಾಗ್ ಬಿಡು. ಅದರೊಳಗಿನದು ಹೆಚ್ಚಾಗಿ ನುಚ್ಚು, ನೀರು ಕಂಡ ಕೂಡಲೇ ಒಗರು ಬಿಡುತ್ತದೆ. ಜೇನು-ನಿಂಬೆ ಸುವಾಸನೆ ಬೆರೆಸಿದ ಪೊಟ್ಟಣವಂತೂ ಬೇಡವೇ ಬೇಡ, ಸೋಡಾದಲ್ಲಿ ಆ ವಾಸನೆ ಮಿಠಾಯಿಯಂತೆ ಮೂಗಿಗೆ ಹೊಡೆಯುತ್ತದೆ. ಇಡೀ ಎಲೆಯ ಗ್ರೀನ್ ಟೀ ತಗೊ. ನೀಲಗಿರಿಯದು ಸುಲಭವಾಗಿ ಸಿಗುತ್ತದೆ, ನಿನ್ನ ಕೆಲಸಕ್ಕೆ ಧಾರಾಳ ಸಾಕು. ಜಪಾನಿನವರು ಎಲೆಯನ್ನು ಹಬೆಯಲ್ಲಿ ಬಾಡಿಸುತ್ತಾರೆ, ಅದರಲ್ಲಿ ಹಸಿ ಸೊಪ್ಪಿನ ಘಮ ಜಾಸ್ತಿ. ಚೀನಾದವರು ಬಹುಪಾಲು ಬಾಣಲೆಯಲ್ಲಿ ಹುರಿಯುತ್ತಾರೆ, ಅದಕ್ಕೆ ಹುರಿದ ಕಾಳಿನ ಪರಿಮಳ. ನಿಂಬೆ-ಜೇನಿನ ಜೊತೆ ಹುರಿದದ್ದೇ ನನಗೆ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ.

ಎರಡು ಲೋಟಕ್ಕೆ 4 ಗ್ರಾಂ ಎಲೆ ಬೇಕು. ಚಿಕ್ಕ ಚಮಚದಲ್ಲಿ ಸುಮಾರು ಎರಡಾಗುತ್ತದೆ, ಆದರೆ ಬಿಗಿ ಸುರುಳಿಯ ಎಲೆ ಕಡಿಮೆ ಜಾಗ ಹಿಡಿಯುತ್ತದೆ, ಬಿಡಿ ಎಲೆ ಹೆಚ್ಚು. ತಕ್ಕಡಿ ಇದ್ದರೆ ತೂಗು. ನೀರು 75ರಿಂದ 80 ಡಿಗ್ರಿಯ ಬಿಸಿ ಇರಬೇಕು. ಥರ್ಮಾಮೀಟರ್ ಬೇಕಾಗಿಲ್ಲ. ನಮ್ಮ ಎತ್ತರದಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಸ್ಟೀಲ್ ಚೊಂಬಿಗೆ ಮೊದಲು 40 ಮಿ.ಲೀ. ತಣ್ಣೀರು ಹಾಕು, ಅದರ ಮೇಲೆ ಕುದಿದ ನೀರು 120 ಮಿ.ಲೀ. ಸುರಿ. ಬೇಕಾದ ಬಿಸಿ ತಾನಾಗಿ ಬರುತ್ತದೆ. ಎಲೆ ಹಾಕುವುದು ಅದಾದ ಮೇಲೆ. ಎಲೆಯ ಮೇಲೆ ನೇರವಾಗಿ ಕುದಿನೀರು ಬೀಳಬಾರದು.

ಎರಡೂವರೆ ನಿಮಿಷ ಲೆಕ್ಕ ಹಾಕು. ಸುರುಳಿ ನಿಧಾನಕ್ಕೆ ಬಿಚ್ಚಿಕೊಂಡು ಎಲೆ ಒಂದೊಂದಾಗಿ ತಳಕ್ಕೆ ಇಳಿಯುತ್ತದೆ, ನೀರು ಒಣಹುಲ್ಲಿನ ತಿಳಿ ಹಳದಿಗೆ ತಿರುಗುತ್ತದೆ, ಅಂಚಿನಲ್ಲಿ ಸ್ವಲ್ಪ ಹಸಿರು ಛಾಯೆ. ಅಷ್ಟು ಕಂಡ ಕೂಡಲೇ ಸೋಸು. ಉಳಿದ ಎಲೆಯನ್ನು ಸೌಟಿನಿಂದ ಒತ್ತಬೇಡ, ಹಿಂಡಬೇಡ, ಕೊನೆಯ ಆ ನಾಲ್ಕು ಹನಿಯಲ್ಲೇ ಒಗರು ಕೂತಿರುತ್ತದೆ. ಸೋಸಿದ್ದನ್ನು ಮೊದಲು ಹೊರಗೇ ಆರಲು ಬಿಟ್ಟು ಆಮೇಲೆ ಫ್ರಿಜ್ಜಿಗೆ ಇಡು. ಬಿಸಿ ಟೀಯನ್ನು ಐಸಿನ ಮೇಲೆ ಸುರಿದರೆ ಒಮ್ಮೆಲೆ ತಣಿದು ಮಬ್ಬಾಗುತ್ತದೆ. ಕುಡಿಯಲು ತೊಂದರೆಯಿಲ್ಲ, ನೋಡಲು ಕಲಗಚ್ಚಿನ ಹಾಗೆ ಕಾಣುತ್ತದೆ. ಐಸೂ ಕರಗಿ ಪಾನೀಯ ನೀರುನೀರಾಗುತ್ತದೆ.

ಬಿಡುವಿದ್ದರೆ ಇನ್ನೊಂದು ದಾರಿ ಇದೆ, ಅದರಲ್ಲಿ ತಪ್ಪುವುದೇ ಕಷ್ಟ. 5 ಗ್ರಾಂ ಎಲೆಗೆ 200 ಮಿ.ಲೀ. ತಣ್ಣೀರು ಹಾಕಿ ಫ್ರಿಜ್ಜಿನಲ್ಲಿ ಆರು ಗಂಟೆ ಇಡು. ತಣ್ಣೀರಿಗೆ ಒಗರು ಕಡಿಮೆ ಇಳಿಯುತ್ತದೆ, ಸಿಹಿ ಮಾತ್ರ ಬರುತ್ತದೆ.

ನೀರಿನ ಬಗ್ಗೆಯೂ ಹೇಳಬೇಕು. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಹಿರಿಯರು ಹೇಳಿದ್ದು ಟೀಗೂ ಸಲ್ಲುತ್ತದೆ. ಹೊಳೆಯ ಮೆದು ನೀರಿನಲ್ಲಿ ಟೀಯ ಬಣ್ಣ, ಘಮ ಎರಡೂ ಚೆನ್ನಾಗಿ ಬಿಡುತ್ತವೆ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದೇ ಎಲೆ ಕಂದಿ, ಮೇಲೆ ತೆಳು ಪೊರೆ ಕಟ್ಟುತ್ತದೆ. ನಿನ್ನ ಬಾಡಿಗೆ ಮನೆಯಲ್ಲಿ ಬೋರ್ ನೀರಾದರೆ ಕುಡಿಯಲು ತರುವ ಕ್ಯಾನ್ ನೀರನ್ನೇ ಟೀಗೂ ಐಸಿಗೂ ಬಳಸು.

ಮಳೆಗಾಲದಲ್ಲಿ ಎಲೆಯ ಡಬ್ಬಿಯ ಮೇಲೆ ಕಣ್ಣಿರಲಿ. ಆಷಾಢದ ಗಾಳಿಯಲ್ಲಿ ಹಪ್ಪಳವೇ ಮೆತ್ತಗಾಗುವಾಗ ಟೀ ಎಲೆ ಬಿಡುತ್ತದೆಯೇ? ಬಿಗಿ ಮುಚ್ಚಳದ ಡಬ್ಬಿಯಲ್ಲಿಡು, ಕಾಫಿಪುಡಿ ಮತ್ತು ಏಲಕ್ಕಿಯಿಂದ ದೂರ ಇಡು. ಪಕ್ಕದಲ್ಲಿರುವ ಘಾಟನ್ನೆಲ್ಲ ಎಲೆ ಹೀರಿಕೊಳ್ಳುತ್ತದೆ.

ಜೇನಿನ ಪಾಕಕ್ಕೆ ಎರಡು ಪಾಲು ತುಡುವೆ ಜೇನು, ಒಂದು ಪಾಲು ಉಗುರುಬೆಚ್ಚಗಿನ ನೀರು. ಜೇನನ್ನು ಹಾಗೇ ಹಾಕಿದರೆ ಐಸಿಗೆ ತಾಗಿ ಗಟ್ಟಿಯಾಗಿ ತಳ ಹಿಡಿಯುತ್ತದೆ, ಕೊನೆಯ ಗುಟುಕು ಮಾತ್ರ ಸಿಹಿ. ಜೋನಿ ಬೆಲ್ಲ ಹಾಕಬಹುದೇ ಎಂದಿದ್ದೀಯ. ಬೇಡ. ಬೆಲ್ಲದ ಘಮದ ಮುಂದೆ ಗ್ರೀನ್ ಟೀ ನಿಲ್ಲುವುದಿಲ್ಲ, ಅದು ರಮ್ಮಿಗೆ ಸರಿ. ಹಿತ್ತಲಿನಲ್ಲಿ ಮಜ್ಜಿಗೆ ಹುಲ್ಲು, ಅಂದರೆ ನಿಂಬೆ ಹುಲ್ಲು, ಇದ್ದರೆ ಒಂದು ಗರಿ ಕತ್ತರಿಸಿ, ಪಾಕದ ನೀರು ಬಿಸಿ ಇರುವಾಗ ಹತ್ತು ನಿಮಿಷ ನೆನೆಸಿ ತೆಗೆ. ನಿಂಬೆರಸ ಆಗಲೇ ಹಿಂಡಿದ್ದಿರಲಿ. ಹಣ್ಣು ಚಿಕ್ಕದಾದರೆ 20 ಮಿ.ಲೀ.ಗೆ ಒಂದಕ್ಕಿಂತ ಹೆಚ್ಚೇ ಬೇಕಾದೀತು. ಸಿಪ್ಪೆಯ ಬಿಳಿ ಭಾಗ ನಜ್ಜಾಗುವಷ್ಟು ಹಿಂಡಿದರೆ ಮತ್ತೆ ಕಹಿ. ನಿಂಬೆ ಬಿದ್ದೊಡನೆ ಟೀಯ ಬಣ್ಣ ತಿಳಿಯಾದರೆ ಗಾಬರಿ ಬೀಳಬೇಡ, ಹುಳಿಗೆ ಅದು ಹಾಗೇ ಆಗುವುದು.

ಕೂಡಿಸುವುದು ಸುಲಭ. ಶೇಕರ್ ಇಲ್ಲದಿದ್ದರೆ ಬಿಗಿ ತಿರುಪಿನ ಸ್ಟೀಲ್ ಡಬ್ಬಿ ಸಾಕು. ಉಪ್ಪಿನಕಾಯಿ ಹಾಕಿಟ್ಟ ಡಬ್ಬಿ ಮಾತ್ರ ಬೇಡ, ಎಷ್ಟು ತೊಳೆದರೂ ಇಂಗು ಹೋಗುವುದಿಲ್ಲ. ಜಿನ್, ಟೀ, ನಿಂಬೆರಸ, ಪಾಕ ಹಾಕಿ, ಐದಾರು ಗಟ್ಟಿ ಐಸ್ ತುಂಡು ಸೇರಿಸಿ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕು. ಡಬ್ಬಿಯ ಹೊರಮೈ ಮಂಜು ಹಿಡಿದು ಬೆರಳು ಚುರುಗುಟ್ಟಿದರೆ ಆಯಿತು. ಉದ್ದ ಲೋಟದಲ್ಲಿ ಹೊಸ ಐಸ್ ತುಂಬಿ ಅದರ ಮೇಲೆ ಸೋಸು, ಕೊನೆಗೆ ತಣ್ಣಗಿನ ಸಾದಾ ಸೋಡಾ ಹಾಕಿ ಚಮಚ ಒಮ್ಮೆ ಮಾತ್ರ ತಳದಿಂದ ಮೇಲೆತ್ತು. ಸೋಡಾವನ್ನು ಡಬ್ಬಿಯೊಳಗೆ ಹಾಕಿ ಕುಲುಕಿದರೆ ಮುಚ್ಚಳ ಹಾರಿ ಮುಖಕ್ಕೆ ಬರುತ್ತದೆ, ಹುಷಾರು. ಗಾಳಿಮಳೆಗೆ ಕರೆಂಟ್ ಹೋಗಿ ಬಂದು ಮಾಡುವ ದಿನಗಳಲ್ಲಿ ಐಸ್ ಅರ್ಧ ಕರಗಿ ಮತ್ತೆ ಗಟ್ಟಿಯಾಗಿರುತ್ತದೆ, ಫ್ರಿಜ್ಜಿನ ವಾಸನೆಯೆಲ್ಲ ಅದಕ್ಕೆ ಹತ್ತಿರುತ್ತದೆ. ಚೆಲ್ಲಿ ಹೊಸದು ಇಡು.

ಜಿನ್ನಿನಲ್ಲೇ ಎಲೆ ನೆನೆಹಾಕುವ ಯೋಚನೆ ನಿನಗಿದೆ. ಮಾಡು, ಆದರೆ ರಾತ್ರಿಯಿಡೀ ಬಿಡಬೇಡ. ಮದ್ಯ ಬಿಸಿಯಿಲ್ಲದೆಯೂ ಒಗರನ್ನು ಬೇಗ ಎಳೆಯುತ್ತದೆ. 250 ಮಿ.ಲೀ. ಜಿನ್ನಿಗೆ 5 ಗ್ರಾಂ ಎಲೆ ಹಾಕು, ಅರ್ಧ ಗಂಟೆಗೊಮ್ಮೆ ರುಚಿ ನೋಡು, ಒಂದೂವರೆ ಗಂಟೆ ದಾಟುವ ಮೊದಲೇ ಸೋಸು. ಗಾಜಿನ ಬಾಟಲಿಯಲ್ಲಿ ತುಂಬಿ ಎರಡು ವಾರದೊಳಗೆ ಮುಗಿಸು, ಆಮೇಲೆ ಬಣ್ಣ ಕಂದುತ್ತ ಬರುತ್ತದೆ. ಈ ಜಿನ್ ಬಳಸಿದ ದಿನ ಗಟ್ಟಿ ಟೀಯನ್ನು 60ರಿಂದ 30ಕ್ಕೆ ಇಳಿಸಿ ಸೋಡಾ ಅಷ್ಟು ಹೆಚ್ಚಿಸು. ಬೇಗ ಆಗಲಿ ಎಂದು ಜಿನ್ನನ್ನು ಗ್ಯಾಸ್ ಒಲೆಯ ಮೇಲೆ ಬಿಸಿ ಮಾಡಲೇಬೇಡ. ಅದರ ಆವಿಗೆ ಬೆಂಕಿ ಹತ್ತುತ್ತದೆ. ಅಬಕಾರಿ ಚೀಟಿ ಇರುವ ಸೀಲು ಬಾಟಲಿಯದೇ ಆಗಲಿ, ಯಾರೋ ತಂದುಕೊಟ್ಟ ಬಿಡಿ ಮಾಲು ಮನೆಯೊಳಗೆ ಬರಬಾರದು.

ಇನ್ನೊಂದು ವಿಷಯ, ಇದನ್ನು ಗಮನವಿಟ್ಟು ಓದು. ನಮ್ಮಲ್ಲಿ ಸಿಗುವ ಜಿನ್ನಿನಲ್ಲಿ ಹೆಚ್ಚಾಗಿ ಶೇಕಡಾ 42.8ರಷ್ಟು ಮದ್ಯಸಾರ ಇರುತ್ತದೆ. ಮೇಲಿನ ಲೆಕ್ಕದ ಒಂದು ಲೋಟ ಬಾಯಿಗೆ ಶರಬತ್ತಿನಂತಿದ್ದರೂ ಸ್ಟ್ರಾಂಗ್ ಬಿಯರಿನಷ್ಟೇ ಅಮಲಿನದು. ಅದರ ಮೇಲೆ ಗ್ರೀನ್ ಟೀಯಲ್ಲಿ ಕೆಫೀನ್ ಇದೆ. ಅದು ಜೊಂಪನ್ನು ಮರೆಸುತ್ತದೆ, ಅಮಲನ್ನು ಇಳಿಸುವುದಿಲ್ಲ. ನಾನು ಸರಿಯಾಗಿಯೇ ಇದ್ದೇನೆ ಅನ್ನಿಸುತ್ತದೆ, ಕೈಕಾಲು ಹಾಗಿರುವುದಿಲ್ಲ. ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಮದ್ಯ ದಾಟಿದರೆ ಗಾಡಿ ಓಡಿಸುವುದು ಅಪರಾಧ, ಒಂದೇ ಲೋಟಕ್ಕೂ ಆ ಮಿತಿ ಮುಟ್ಟಬಹುದು. ಆಗುಂಬೆ ಘಾಟಿಯ ತಿರುವುಗಳನ್ನು ನೀನು ಬಲ್ಲೆ. ಲೋಟ ಹಿಡಿದ ದಿನ ಬೈಕಿನ ಕೀಲಿ ನಿನ್ನ ಕೈಯಲ್ಲಿರಬಾರದು. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡ. ಮಾತ್ರೆ ತೆಗೆದುಕೊಳ್ಳುತ್ತಿರುವ ದಿನಗಳಲ್ಲಿ ಮುಟ್ಟಲೇಬೇಡ.

ಅಕ್ಕ ಭಾವ ಕುಡಿಯುವುದಿಲ್ಲ. ಅವರು ನಿನ್ನ ಮನೆಗೆ ಬಂದಾಗ ಇದನ್ನೇ ಜಿನ್ ಇಲ್ಲದೆ ಮಾಡಿಕೊಡು. ಟೀ 90, ನಿಂಬೆರಸ 15, ಪಾಕ 20, ಸೋಡಾ 90, ಒಂದು ಚಿಟಿಕೆ ಉಪ್ಪು. ಅಕ್ಕನಿಗೆ ಸಂಜೆ ಆರರ ಮೇಲೆ ಟೀ ಕುಡಿದರೆ ನಿದ್ದೆ ಬರುವುದಿಲ್ಲ, ಅವಳಿಗೆ ಮಧ್ಯಾಹ್ನವೇ ಕೊಡು.

ಇಂತಿ,
ನಿನ್ನ ಸೋದರಮಾವ